ಪೆಂಡಾಲಿನ ಡಿಸ್ಕೋ

ತಂಗಿಯ ಮಗಳ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ, ಅಷ್ಟರಲ್ಲಿ ಮೊಬೈಲಿಗೆ ಬೇರೊಂದು ಪತ್ರಿಕೆ ಬಂತು. ಕಪ್ಪು ಹಿನ್ನೆಲೆಯಲ್ಲಿ ಮಿನುಗುವ ಗುಂಡು, ಅದರ ಕೆಳಗೆ ಬೆಲ್‌ಬಾಟಮ್ ತೊಟ್ಟು, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದನ್ನು ಆಕಾಶಕ್ಕೆತ್ತಿ ನಿಂತ ಗಂಡಸಿನ ನೆರಳು. ಧಾರೆಯ ಹಿಂದಿನ ಸಂಜೆ ‘ರೆಟ್ರೋ ಡಿಸ್ಕೋ ನೈಟ್’ ಅಂತೆ. ಬರುವವರೆಲ್ಲ ಎಪ್ಪತ್ತು-ಎಂಬತ್ತರ ದಶಕದ ಉಡುಪಿನಲ್ಲೇ ಬರಬೇಕಂತೆ. ಓದಿ ಕನ್ನಡಕ ತೆಗೆದಿಡುವಷ್ಟರಲ್ಲಿ ಮದುಮಗಳದ್ದೇ ಫೋನು.

“ಮಾವ, ಎಲ್ಲರಿಗೂ ಕಾಸ್ಟ್ಯೂಮ್ ಬಾಡಿಗೆಗೆ ತರಿಸ್ತಿದ್ದೀವಿ. ನೀವೇನೂ ತಲೆ ಕೆಡಿಸ್ಕೋಬೇಡಿ. ಮನೇಲಿ ಇರೋದನ್ನೇ ಹಾಕ್ಕೊಂಡು ಬನ್ನಿ, ಸಾಕು.”

ತಮಾಷೆ ಮಾಡಿದಳೋ, ಉಪಕಾರ ಮಾಡಿದಳೋ ತಿಳಿಯಲಿಲ್ಲ. ನನ್ನ ಯೌವನ ಯಾವುದೋ ಬಾಡಿಗೆ ಅಂಗಡಿಯ ಹ್ಯಾಂಗರಿನಲ್ಲಿ ನೇತಾಡುತ್ತಿದೆ ಎನ್ನುವುದು ಮಾತ್ರ ತಿಳಿಯಿತು. ರಾಜನ ಕಿರೀಟ, ಹನುಮಂತನ ಬಾಲ, ಪೊಲೀಸ್ ಟೋಪಿ, ಪಕ್ಕದಲ್ಲಿ ನನ್ನ ಅಗಲ ಪಾದದ ಪ್ಯಾಂಟು. ದಿನಕ್ಕಿಷ್ಟು ಬಾಡಿಗೆ, ಒಗೆಸುವ ಖರ್ಚು ಬೇರೆ. ಅಲ್ಲದೆ ನಾನು ಸೋದರಮಾವ. ಬೆಳಗಾದರೆ ಪಂಚೆ ಉಟ್ಟು, ಶಲ್ಯ ಹೊದ್ದು, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ಹಿಂದಿನ ರಾತ್ರಿ ನನ್ನ ಸೊಂಟದ ಚಲನವಲನ ನೋಡಿದ ಪುರೋಹಿತರು ಮರುದಿನ ಯಾವ ಮುಖದಿಂದ ನನ್ನ ಕೈಗೆ ಅಕ್ಷತೆ ಕೊಟ್ಟಾರು?

ಪತ್ರಿಕೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಅದನ್ನು ದೂರ ಹಿಡಿದು ಓದಿ, “ನಿಮ್ಮ ಕಾಲದ್ದು ಅಂತ ಇಷ್ಟೊಂದು ಉಬ್ಬಬೇಡಿ. ನೀವು ಯಾವತ್ತು ಡಿಸ್ಕೋಗೆ ಹೋಗಿದ್ರಿ?” ಎಂದಳು.

ಈ ಪ್ರಶ್ನೆಯನ್ನು ನಾನು ಇಷ್ಟು ವರ್ಷ ಹೇಗೆ ತಪ್ಪಿಸಿಕೊಂಡು ಬಂದೆನೋ! ಆ ಸಂಗೀತ ಕಿವಿಗೆ ಬಿದ್ದರೆ ಈಗಲೂ ಎದೆಯಲ್ಲಿ ಏನೋ ಆಗುತ್ತದೆ. ಕತ್ತಲ ಹಾಲು, ಬಣ್ಣದ ದೀಪ, ಹೊಗೆ, ಗಾಜಿನ ನೆಲ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ನಾನು ಅಲ್ಲೆಲ್ಲ ಓಡಾಡಿ, ಕುಣಿದು, ಬೆವರಿ, ಬೆಳಗಿನ ಜಾವ ಮನೆಗೆ ಬಂದವನ ಹಾಗೆ ಹಳಹಳಿಸುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಡಿಸ್ಕೋ ಇದ್ದದ್ದು ಭದ್ರಾವತಿಯ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ.

ಆಗಿನ ಭದ್ರಾವತಿಯನ್ನು ಕಂಡವರಿಗೆ ಇದರಲ್ಲಿ ಅಚ್ಚರಿ ಇರಲಾರದು. ನ್ಯೂಟೌನಿನಲ್ಲಿ ಕಬ್ಬಿಣದ ಕಾರ್ಖಾನೆ, ಪೇಪರ್ ಟೌನಿನಲ್ಲಿ ಕಾಗದದ ಕಾರ್ಖಾನೆ. ಊರಿಗೆ ಗಂಟೆ ಹೇಳುತ್ತಿದ್ದದ್ದು ಪಾಳಿಯ ಸೈರನ್ನು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದವರ ಊರು. ನಮ್ಮ ವಠಾರದಲ್ಲೇ ಕನ್ನಡ, ತಮಿಳು, ತೆಲುಗು, ಉರ್ದು ಒಟ್ಟಿಗೇ ಕೊಳಾಯಿಗೆ ಸರದಿ ನಿಲ್ಲುತ್ತಿದ್ದವು. ಹೀಗಾಗಿ ಗಣಪತಿ ಹಬ್ಬದ ಆರ್ಕೆಸ್ಟ್ರಾದವರಿಗೆ ಒಂದು ಅಲಿಖಿತ ಕರಾರು. ಮೊದಲು ವಿಘ್ನೇಶ್ವರನ ಸ್ತುತಿ. ಆಮೇಲೆ ರಾಜ್‌ಕುಮಾರ್ ಹಾಡು, ಇಲ್ಲದಿದ್ದರೆ ಕಲ್ಲು ಬೀಳುವುದು ಖಂಡಿತ. ಆಮೇಲೆ ತಮಿಳು ಬೀದಿಯವರಿಗೆ ಇಳಯರಾಜ, ತೆಲುಗಿನವರಿಗೆ ಒಂದು ಘಂಟಸಾಲ, ಹಿರಿಯರಿಗೆ ರಫಿ. ಒಂಬತ್ತೂವರೆ ಹೊತ್ತಿಗೆ ಮುಂದಿನ ಸಾಲಿನ ಯಜಮಾನರು ತೂಕಡಿಸಲು ಶುರುಮಾಡುತ್ತಿದ್ದರು. ಡ್ರಮ್ಮಿನವನು ಅವರನ್ನೊಮ್ಮೆ ಕಣ್ಣಲ್ಲೇ ಅಳೆದು, ತೋಳು ಮಡಚಿಕೊಂಡು ಕೂರುತ್ತಿದ್ದ. ಅಲ್ಲಿಂದ ರಾತ್ರಿ ನಮ್ಮದು.

1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂದ ಮೇಲೆ ನಮಗೆ ಇನ್ನಷ್ಟು ಧೈರ್ಯ ಬಂತು. ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಕುಣಿತದ ಹಾಡು ಕನ್ನಡದ್ದೇ ಆದ್ದರಿಂದ, ಅದಕ್ಕೆ ಕುಣಿದರೆ ಯಾರೂ ‘ಪರಭಾಷೆಗೆ ಕುಣೀತಾವೆ ಮುಂಡೇವು’ ಎನ್ನುವ ಹಾಗಿರಲಿಲ್ಲ. ನಾಡುನುಡಿಯ ಸೇವೆಯಲ್ಲೇ ನಮ್ಮ ಚಪ್ಪಲಿಯ ಉಂಗುಷ್ಠಗಳು ಕಿತ್ತು ಹೋದವು.

ನಮ್ಮ ಬೀದಿಯ ಮೂಲೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಅಣ್ಣ ಇದ್ದ. ಯಾವುದೋ ಸಿನಿಮಾ ನೋಡಿ ಬಂದವನೇ, ಈ ವರ್ಷ ಪೆಂಡಾಲಿಗೆ ಸೀರಿಯಲ್ ಸೆಟ್ ಒಂದೇ ಸಾಲದು, ಮೇಲಿಂದ ಗುಂಡು ಇಳಿಬಿಡಲೇಬೇಕು ಎಂದು ಹಟ ಹಿಡಿದ. ಅದನ್ನು ಅವನು ಮಾಡಿದ್ದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಹೊಲಿಗೆ ಬಿಟ್ಟ ಫುಟ್‌ಬಾಲಿಗೆ ಹೊಟ್ಟು ತುಂಬಿ, ಮೈದಾ ಅಂಟಿನಲ್ಲಿ ಹಳೆ ಪೇಪರು ಅದ್ದಿ ಪದರ ಪದರವಾಗಿ ಸುತ್ತಿ, ಬಿಸಿಲಿಗೆ ಒಣಗಿಸಿದ. ದೇವರ ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಕನ್ನಡಿಯ ಚೂರು ತಂದು, ಬೆರಳಿನ ಉಗುರಿನಷ್ಟಕ್ಕೆ ಕತ್ತರಿಸಿ, ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯಲ್ಲಿ ಒಂದೊಂದಾಗಿ ಒತ್ತಿದ. ಬೆರಳೆಲ್ಲ ಗಾಯ. ಇನ್ನು ತಿರುಗಿಸುವುದು ಹೇಗೆ? ಮೊದಲು ಟೇಬಲ್ ಫ್ಯಾನಿನ ಮೋಟಾರು ಜೋಡಿಸಿದ. ಸ್ವಿಚ್ಚು ಒತ್ತಿದ್ದೇ ತಡ, ಗುಂಡು ಗಿರ್ರೆಂದು ತಿರುಗಿ ಕನ್ನಡಿಯ ಚೂರುಗಳು ನಾಲ್ಕೂ ದಿಕ್ಕಿಗೆ ಹಾರಿದವು; ಚಂದಾ ಪುಸ್ತಕ ಹಿಡಿದು ನಿಂತಿದ್ದ ಸಮಿತಿಯ ಅಧ್ಯಕ್ಷರು ಮೇಜಿನ ಕೆಳಗೆ ಸೇರಿಕೊಂಡರು. ಆಮೇಲೆ ಹಳೆಯ ರೆಕಾರ್ಡ್ ಪ್ಲೇಯರಿನ ಮೋಟಾರು ಬಂತು. ಅದರ ನಿಮಿಷಕ್ಕೆ 33 ಸುತ್ತೂ ಹೆಚ್ಚೇ ಆಯಿತೆಂದು ಹೊಲಿಗೆ ಮಿಷನ್ನಿನ ಬೆಲ್ಟು, ಎರಡು ಚಿಕ್ಕ-ದೊಡ್ಡ ಗಾಲಿ ಹಾಕಿ ನಿಧಾನ ಮಾಡಿದ. ಬೆಳಕಿಗೆ ಅಂಬಾಸಡರ್ ಕಾರಿನ ಹೆಡ್‌ಲೈಟು, ಅದರ ಮುಂದೆ ಕೆಂಪು ಜಿಲೆಟಿನ್ ಹಾಳೆ.

ರಾತ್ರಿ ಟ್ಯೂಬ್‌ಲೈಟು ಆರಿಸಿ ಅದನ್ನು ಹೊತ್ತಿಸಿದಾಗ ಪೆಂಡಾಲಿನಲ್ಲಿ ಕೇಳಿದ ‘ಹೋ’ ಎನ್ನುವ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಬೆಳಕಿನ ಚುಕ್ಕಿಗಳು ಗಣಪತಿಯ ಹೊಟ್ಟೆಯ ಮೇಲೆ ಹರಿದು, ಎದುರು ಮನೆಯ ಹೆಂಚು ಹತ್ತಿ, ಇಳಿದು, ಜನರ ಮುಖಗಳ ಮೇಲೆ ಬಂದವು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನ ಮೇಲೆ ಏರಿದ ಚುಕ್ಕಿಯನ್ನು ಹುಳುವೆಂದು ಕೊಡವಿದಳು. ಅದು ಹೋಯಿತು. ಹಿಂದೆಯೇ ಇನ್ನೊಂದು ಬಂತು. ಅದನ್ನೂ ಕೊಡವಿದಳು. ಆರ್ಕೆಸ್ಟ್ರಾ ಮುಗಿಯುವತನಕ ಅವಳು ಕೊಡವುತ್ತಲೇ ಇದ್ದಳು. ನನಗೇನೋ ಅವಳೇ ಎಲ್ಲರಿಗಿಂತ ಚೆನ್ನಾಗಿ ಕುಣಿದಳು ಅನ್ನಿಸಿತು. ಇಂಥ ಕನ್ನಡಿ ಗುಂಡಿಗೆ ಅಮೆರಿಕದಲ್ಲಿ 1917ರಲ್ಲೇ ಪೇಟೆಂಟ್ ಸಿಕ್ಕಿತ್ತು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಡಿಸ್ಕೋ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಗುಂಡು ಹುಟ್ಟಿ ಕಾಯುತ್ತಿತ್ತು. ನಮ್ಮ ಅಣ್ಣನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಅವನ ಪ್ರಕಾರ ಅದನ್ನು ಕಂಡುಹಿಡಿದವನು ಅವನೇ.

ಆರ್ಕೆಸ್ಟ್ರಾದಲ್ಲಿ ಹೆಣ್ಣು ದನಿ ಅಂತ ಇದ್ದದ್ದು ನ್ಯೂಟೌನಿನ ಟೈಪಿಂಗ್ ಕ್ಲಾಸಿನ ಹುಡುಗಿಯೊಬ್ಬಳದು. ‘ಕುರ್ಬಾನಿ’ಯ ಆ ಪ್ರಸಿದ್ಧ ಹಾಡು ಅವಳ ಪಾಲಿಗೆ. 1980ರಲ್ಲಿ ಬಂದ ಆ ಚಿತ್ರದಲ್ಲಿ ಅದನ್ನು ಹಾಡಿದ ಪಾಕಿಸ್ತಾನದ ನಾಜಿಯಾ ಹಸನ್‌ಗೆ ಆಗ ಹದಿನೈದೇ ವರ್ಷ. ಪರದೆಯ ಮೇಲೆ ಜೀನತ್ ಅಮಾನ್ ಕೆಂಪು ಉಡುಪಿನಲ್ಲಿ ಸುಳಿದಾಡುತ್ತಾಳೆ. ನಮ್ಮವಳು ಎರಡು ಜಡೆ ಹಾಕಿ, ಮೈಕಿನ ಮುಂದೆ ನೆಟ್ಟ ಕಂಬದಂತೆ ನಿಂತು, ಬಲಗೈಯಲ್ಲಿ ತೊಡೆಯ ಮೇಲೆ ಆದಿತಾಳ ಹಾಕುತ್ತ ಹಾಡುತ್ತಿದ್ದಳು. ಸಂಗೀತದ ಮೇಷ್ಟರು ಹೇಳಿಕೊಟ್ಟ ಅಭ್ಯಾಸ. ನಾವು ನಗುತ್ತಿದ್ದೆವು. ಆದರೆ ತಾಳ ಒಮ್ಮೆಯೂ ತಪ್ಪುತ್ತಿರಲಿಲ್ಲ. ಡಿಸ್ಕೋದ ಡ್ರಮ್ಮು ಮಾತ್ರೆಗೊಂದರಂತೆ ಬಡಿಯುತ್ತ ಹೋಗುವುದರಿಂದ ಆದಿತಾಳದೊಳಗೆ ತಕರಾರಿಲ್ಲದೆ ಕೂರುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1982ರಲ್ಲಿ, ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ಹೊಸ ಸಿಂಥಸೈಸರುಗಳನ್ನು ಮುಂದಿಟ್ಟುಕೊಂಡು ಡಿಸ್ಕೋ ಗತಿಗೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡು ತಂದಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಯುರೋಪಿನಲ್ಲಿ ಮರುಮುದ್ರಣವಾದಾಗ ಅಲ್ಲಿನವರು ಬೆರಗಾದರು: ಮುಂದೆ ಚಿಕಾಗೋದ ಕ್ಲಬ್ಬುಗಳಲ್ಲಿ ಹುಟ್ಟಿದ ‘ಆ್ಯಸಿಡ್ ಹೌಸ್’ ಸಂಗೀತದ ಸದ್ದು ಇದರಲ್ಲಿ ಮೊದಲೇ ಇದೆಯಲ್ಲ! ಇದನ್ನು ಓದಿದಾಗ ನನಗೆ ಆ ಎರಡು ಜಡೆಯ ಹುಡುಗಿಯ ತೊಡೆಯ ಮೇಲಿನ ಕೈ ನೆನಪಾಯಿತು. ನಕ್ಕಿದ್ದರ ಬಗ್ಗೆ ಈಗ ಯಾರಲ್ಲಿ ಹೇಳಿಕೊಳ್ಳಲಿ?

‘ಕುರ್ಬಾನಿ’ಯ ಆ ಹಾಡನ್ನು ಕಟ್ಟಿದ ಬಿದ್ದು ಎಂಬ ಸಂಗೀತಗಾರರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಲಂಡನ್ನಿಗೆ ಹೋಗಿ ಹೆಸರು ಮಾಡಿದವರು. 1974ರಲ್ಲಿ ಅವರು ಕಾರ್ಲ್ ಡಗ್ಲಾಸ್‌ನಿಂದ ಹಾಡಿಸಿದ ‘ಕುಂಗ್ ಫೂ ಫೈಟಿಂಗ್’ ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಅದು ರೆಕಾರ್ಡಿನ ಹಿಂಬದಿಗೆ ಇರಲಿ ಎಂದು, ಉಳಿದ ಹತ್ತು ನಿಮಿಷದಲ್ಲಿ ಮುಗಿಸಿದ ಹಾಡಂತೆ. ನಾನು ಬ್ಯಾಂಕು ಸೇರಿದ ಮೇಲೆ ನನ್ನ ಜೊತೆ ಮಡಿಕೇರಿ ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ಎಲ್ಲಿಯೇ ಆ ಹಾಡು ಕೇಳಲಿ, ಮೀಸೆಯ ಮೇಲೆ ಕೈಯಿಟ್ಟು “ನಮ್ಮವನದ್ದು” ಎನ್ನುತ್ತಿದ್ದರು. ಬಂಧುವೇ ಎಂದರೆ ನೇರವಾಗಿ ಉತ್ತರಿಸುತ್ತಿರಲಿಲ್ಲ. ಕೊಡಗಿನಲ್ಲಿ ಯಾರು ಯಾರಿಗೆ ಬಂಧುವಲ್ಲ ಎಂದು ಕಾಫಿ ಹೀರುತ್ತಿದ್ದರು.

ಗಂಡು ಹಾಡುಗಾರರ ವಿಷಯ ಬೇರೆ. ಪೇಪರ್ ಮಿಲ್ಲಿನಲ್ಲಿ ಪಂಪ್ ಆಪರೇಟರಾಗಿದ್ದ ನಮ್ಮ ಮುಖ್ಯ ಗಾಯಕರಿಗೆ ಅದ್ಭುತ ಕಂಠ, ಅಷ್ಟೇ ಅದ್ಭುತ ಹೊಟ್ಟೆ. ಅವರು ಬೋನಿ ಎಮ್ ಹಾಡಿದರೆ ಕೇಳಬಹುದಿತ್ತು, ನೋಡುವ ಹಾಗಿರಲಿಲ್ಲ. ಸಮಿತಿಯವರು ಉಪಾಯ ಹುಡುಕಿದರು. ಗಾಯಕರು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಹಾಡುವುದು, ತೆಳ್ಳಗಿನ ಹುಡುಗನೊಬ್ಬ ಮುಂದೆ ಬಾಯಾಡಿಸುತ್ತ ಕುಣಿಯುವುದು. ಒಂದು ಸಲ ಗಾಯಕರಿಗೆ ಕೆಮ್ಮು ಬಂದು, ಮುಂದಿದ್ದವನು ಅದಕ್ಕೂ ಎದೆ ಹಿಡಿದು ಅಭಿನಯಿಸಿದ. ಎಂಥ ಮೋಸ ಮಾಡುತ್ತಿದ್ದೇವಲ್ಲ ಎಂದು ನಮಗೆ ಒಳಗೊಳಗೇ ಅಳುಕು. ಮುಂದೆ ಗೊತ್ತಾಯಿತು: ಬೋನಿ ಎಮ್‌ನ ರೆಕಾರ್ಡುಗಳಲ್ಲಿ ಆ ಗಂಡು ದನಿ ನಿರ್ಮಾಪಕ ಫ್ರಾಂಕ್ ಫಾರಿಯನ್‌ದೇ, ಮೈಯೆಲ್ಲ ಸ್ಪ್ರಿಂಗಾಗಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಬಾಯಾಡಿಸುತ್ತಿದ್ದುದಷ್ಟೇ. ನಾವು ಗೊತ್ತಿಲ್ಲದೆಯೇ ಮೂಲಕ್ಕೆ ನಿಷ್ಠರಾಗಿದ್ದೆವು!

ನಕಲಿನ ಮಾತು ಬಂದರೆ ‘ಡಿಸ್ಕೋ ಡ್ಯಾನ್ಸರ್’ ಬಿಟ್ಟು ಮುಂದೆ ಹೋಗುವುದು ಹೇಗೆ. ಅದು ಬಿಡುಗಡೆಯಾದದ್ದು 1982ರ ಡಿಸೆಂಬರಿನಲ್ಲಿ. ನಮ್ಮೂರಿನ ಟಾಕೀಸು ಮುಟ್ಟುವ ಹೊತ್ತಿಗೆ ರೀಲಿನಲ್ಲಿ ಮಳೆ ಸುರಿಯುತ್ತಿತ್ತು. ಅದರ ‘ಜಿಮ್ಮಿ’ ಹಾಡಿನ ಮಟ್ಟು ಫ್ರಾನ್ಸಿನ ಒತ್ತವಾನ್ ತಂಡದ್ದು, ಉಷಾ ಉತ್ತುಪ್ ಮತ್ತು ಬಪ್ಪಿ ಲಾಹಿರಿ ಹಾಡಿದ್ದರ ಮಟ್ಟು ಇಂಗ್ಲೆಂಡಿನ ಬಗಲ್ಸ್‌ನವರದು. ನಾವು ಕುಣಿದದ್ದು ನಕಲಿನ ನಕಲಿಗೆ ಎಂದು ಈಗಿನ ಹುಡುಗರು ಮೂಗು ಮುರಿಯುತ್ತಾರೆ. ಮುರಿಯಲಿ. ಮಿಥುನ್ ಚಕ್ರವರ್ತಿ ಸೊಂಟ ಎತ್ತಿ ಹಾಕಿದ್ದಕ್ಕೆ ಸೋವಿಯತ್ ದೇಶವೇ ಮರುಳಾಗಿತ್ತು, ಭದ್ರಾವತಿ ಯಾವ ಲೆಕ್ಕ? ಗಣಪತಿ ಬಿಡುವ ದಿನ ಮೆರವಣಿಗೆಯಲ್ಲಿ ಅದೇ ಸೊಂಟವನ್ನು ನಾನೂ ಎತ್ತಿ ಹಾಕಿದೆ. ಮರುದಿನ ಹಾಸಿಗೆಯಿಂದ ಏಳಲಾಗದೆ ಅಮ್ಮನ ಕೈಲಿ ನೀಲಗಿರಿ ಎಣ್ಣೆ ಹಚ್ಚಿಸಿಕೊಂಡೆ. ಕೆಸರಲ್ಲಿ ಜಾರಿದೆ ಎಂದು ಹೇಳಿದ್ದೆ. “ಕೆಸರು ಟ್ರಾನ್ಸಿಸ್ಟರ್ ಹಿಡ್ಕೊಂಡು ಬಂದಿತ್ತೇನೋ” ಎಂದಳು ಅಮ್ಮ.

ಕ್ಯಾಸೆಟ್ಟಿನ ಅಂಗಡಿಯದೂ ಒಂದು ಕತೆ ಇದೆ. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ನನ್ನದು ಅರವತ್ತು ನಿಮಿಷದ್ದು, ಅಂದರೆ ಒಂದು ಬದಿಗೆ ಮೂವತ್ತು. ದುಬೈನಿಂದ ಬಂದ ಯಾರದೋ ಕ್ಯಾಸೆಟ್ಟಿನಿಂದ ಇಳಿಸಿದ ಡೋನಾ ಸಮ್ಮರ್‌ಳ ‘ಐ ಫೀಲ್ ಲವ್’ ಕೊನೆಯ ಹಾಡು. ಅಂಗಡಿಯವನ ಗಣಿತ ಎಡವಿ, ಹಾಡು ಏರುತ್ತ ಏರುತ್ತ ಹೋಗುವಾಗ ಟೇಪು ಮುಗಿದು ‘ಟಕ್’ ಎಂದು ನಿಲ್ಲುತ್ತಿತ್ತು. ಸಾವಿರ ಸಲ ಕೇಳಿರಬೇಕು. ಆ ಹಾಡು ಮುಗಿಯುವುದೇ ‘ಟಕ್’ನಿಂದ ಎಂದು ನನ್ನ ಕಾಲಿಗೆ ಅಭ್ಯಾಸವಾಗಿಹೋಯಿತು. ಅತ್ತ ನ್ಯೂಯಾರ್ಕಿನಲ್ಲಿ ಇದಕ್ಕೆ ತದ್ವಿರುದ್ಧದ ಕಷ್ಟ. ರೆಕಾರ್ಡುಗಳು ಮೂರು ಮೂರು ನಿಮಿಷಕ್ಕೆ ಮುಗಿದು ಕುಣಿಯುವವರ ಹುರುಪಿಗೆ ಭಂಗವಾಗುತ್ತದೆಂದು ಟಾಮ್ ಮೌಲ್ಟನ್ ಎಂಬಾತ ಹಾಡುಗಳನ್ನು ಹಿಗ್ಗಿಸಲು ಕೂತ. ಒಮ್ಮೆ ಏಳು ಇಂಚಿನ ಖಾಲಿ ತಟ್ಟೆಗಳು ಮುಗಿದುಹೋಗಿ, ಅನಿವಾರ್ಯವಾಗಿ ದೊಡ್ಡ ತಟ್ಟೆಯಲ್ಲಿ ಕೊರೆಸಿದಾಗ ಗೆರೆಗಳಿಗೆ ಹೆಚ್ಚು ಜಾಗ ಸಿಕ್ಕಿ ಸದ್ದು ಭರ್ಜರಿಯಾಗಿ ಕೇಳಿತು. ಹನ್ನೆರಡು ಇಂಚಿನ ಡಿಸ್ಕೋ ರೆಕಾರ್ಡು ಬಂದದ್ದು ಹಾಗೆ. ಅವನು ಉದ್ದ ಮಾಡಿದ, ನಮ್ಮ ಅಂಗಡಿಯವನು ಕತ್ತರಿಸಿದ.

ನಿಜವಾದ ಡಿಸ್ಕೋದ ಬಾಗಿಲನ್ನು ನಾನು ಕಂಡದ್ದು ಬೆಂಗಳೂರಿಗೆ ವರ್ಗವಾದ ಮೇಲೆ. ದೊಡ್ಡ ಹೋಟೆಲೊಂದರ ನೆಲಮಾಳಿಗೆ. ನಾನು, ನನ್ನ ರೂಮ್‌ಮೇಟು, ಇಬ್ಬರೂ ಇಸ್ತ್ರಿ ಮಾಡಿದ ಶರಟು ತೊಟ್ಟು ಹೋದೆವು. ಬಾಗಿಲಲ್ಲಿದ್ದವನು ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿ, “ಕಪಲ್ಸ್ ಓನ್ಲಿ ಸಾರ್” ಎಂದ. ನಾವಿಬ್ಬರೇ ಕಪಲ್ಲು ಎನ್ನುವಷ್ಟು ಕಾಲ ಮುಂದುವರಿದಿರಲಿಲ್ಲ. ಜೋಡಿಗಳು ಒಳಹೋಗಲು ಬಾಗಿಲು ತೆರೆದಾಗಲೆಲ್ಲ ಒಂದು ತುಣುಕು ಸಂಗೀತ ಹೊರಬೀಳುತ್ತಿತ್ತು. ಮುಚ್ಚಿದರೆ ಗೋಡೆಯಲ್ಲಿ ಗುದ್ದು ಮಾತ್ರ. ಸ್ವಲ್ಪ ಹೊತ್ತು ಆ ತುಣುಕುಗಳಿಗೇ ನಿಂತಿದ್ದೆವು. 1977ರ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಸ್ಟುಡಿಯೋ 54ರ ಬಾಗಿಲಲ್ಲಿ ಶೀಕ್ ತಂಡದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಅವರನ್ನೂ ಹೀಗೇ ತಡೆದರಂತೆ. ಗ್ರೇಸ್ ಜೋನ್ಸ್ ಕರೆದಿದ್ದಳು, ಆದರೆ ಬಾಗಿಲವನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇವರ ಹಾಡನ್ನೇ ಒಳಗೆ ಹಾಕುವ ಕ್ಲಬ್ಬು ಅದು! ಮನೆಗೆ ಹೋಗಿ, ಬಾಗಿಲವನನ್ನು ಬೈಯುತ್ತ ಗಿಟಾರು ಎತ್ತಿಕೊಂಡು ಕೂತರು. ಬೈಗುಳವನ್ನು ಸ್ವಲ್ಪ ತಿದ್ದಿದಾಗ ‘ಲ ಫ್ರೀಕ್’ ಆಯಿತು, ಲಕ್ಷಾಂತರ ಪ್ರತಿ ಖರ್ಚಾಯಿತು. ನಾವು ಎದುರಿನ ಗಾಡಿಯಲ್ಲಿ ಆಮ್ಲೆಟ್ ತಿಂದು ಬಸ್ಸು ಹತ್ತಿದೆವು.

ಪೆಂಡಾಲಿಗೆ ಬಾಗಿಲೇ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆ ಬಸ್ಸಿನಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದವರು ಸೈಕಲ್ಲು ಇಳಿಯದೆ, ಒಂದು ಕಾಲು ನೆಲಕ್ಕೂರಿ ನಾಲ್ಕು ಹಾಡು ಕೇಳಿ ಹೋಗುತ್ತಿದ್ದರು. ಎಮ್ಮೆಯೊಂದು ವೇದಿಕೆಯ ಹಿಂದೆಯೇ ಮಲಗಿರುತ್ತಿತ್ತು.

ಕೊನೆಗೊಮ್ಮೆ ನಾನು ಒಳಗೆ ಹೋದದ್ದೂ ಆಯಿತು. ಶಾಖೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ, ಬೆಂಗಳೂರಿನದೇ ಒಂದು ಪಬ್ಬು. ಈ ಸಲ ಹೆಂಡತಿ ಜೊತೆಗಿದ್ದಳು, ಬಾಗಿಲವನು ನಮಸ್ಕಾರ ಮಾಡಿದ. ಡಿಜೆ ಹಳೆಯ ಹಾಡು ಹಾಕಿದ. ನನ್ನ ಭುಜ ತಾನಾಗಿ ಒಂದಿಷ್ಟು ಅಲ್ಲಾಡಿತು. ತಕ್ಷಣ ಆಳೆತ್ತರದ ಬೌನ್ಸರ್ ಬಂದು, “ಸಾರ್, ಡ್ಯಾನ್ಸ್ ಮಾಡ್ಬೇಡಿ, ಪೊಲೀಸ್ ಪ್ರಾಬ್ಲಮ್ ಆಗತ್ತೆ” ಎಂದು ವಿನಯದಿಂದ ಕಿವಿಯಲ್ಲಿ ಹೇಳಿದ. ನಗರದ ಮನರಂಜನಾ ಸ್ಥಳಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕೆಂಬ 2005ರ ಆದೇಶ ಜಾರಿಯಲ್ಲಿದ್ದ ಕಾಲ. ಸಂಗೀತ ಇದೆ, ದೀಪ ಇದೆ, ಹೊಗೆಯೂ ಇದೆ. ನೂರಾರು ಜನ ಲೋಟ ಹಿಡಿದುಕೊಂಡು, ರಾಷ್ಟ್ರಗೀತೆಗೆ ನಿಂತವರಂತೆ ನೆಟ್ಟಗೆ ನಿಂತಿದ್ದೇವೆ. ಇದನ್ನು ನಮ್ಮ ಊರಿನ ಮೊದ್ದುತನ ಎಂದು ತಿಳಿದಿದ್ದೆ. ಆದರೆ ಡಿಸ್ಕೋದ ತವರಾದ ನ್ಯೂಯಾರ್ಕಿನಲ್ಲೂ ಲೈಸೆನ್ಸ್ ಇಲ್ಲದ ಹೋಟೆಲು-ಬಾರುಗಳಲ್ಲಿ ಗಿರಾಕಿಗಳು ಕುಣಿಯಬಾರದೆಂಬ ಕಾನೂನು 1926ರಿಂದ ಇತ್ತು, ಅದನ್ನು ರದ್ದು ಮಾಡಿದ್ದು 2017ರಲ್ಲಿ. ಸರ್ಕಾರಗಳಿಗೆ ಕುಣಿತ ಕಂಡರೆ ಆಗುವ ದಿಗಿಲು ಎಲ್ಲ ಕಡೆಯೂ ಒಂದೇ. ಹನ್ನೊಂದೂವರೆಗೆ ಟ್ಯೂಬ್‌ಲೈಟು ಹೊತ್ತಿಸಿ ಎಲ್ಲರನ್ನೂ ಹೊರಗೆ ಕಳಿಸಿದರು.

ಹೀಗಾಗಿ ಹೆಂಡತಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇಪ್ಪತ್ತೆಂಟರ ಆ ಮದುಮಗಳಿಗೂ ಇಲ್ಲ, ಅವಳು ಹುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅವಳು ಕಾಣದ ಕಾಲಕ್ಕೆ ಹಂಬಲಿಸುತ್ತಾಳೆ, ನಾನು ಕಾಣದ ಜಾಗಕ್ಕೆ. ಇಬ್ಬರಲ್ಲಿ ಯಾರ ಹಂಬಲ ಹೆಚ್ಚು ಪ್ರಾಮಾಣಿಕ ಎಂದು ಪಂಚಾಯಿತಿ ಮಾಡುವುದಾದರೆ ನಾನು ಗೆಲ್ಲುವ ಭರವಸೆ ನನಗಿಲ್ಲ.

ನಿನ್ನೆ ಸಂಜೆ ಅಭ್ಯಾಸಕ್ಕಾದರೂ ಇರಲಿ ಎಂದು ‘ಐ ಫೀಲ್ ಲವ್’ನ ಎಂಟು ನಿಮಿಷದ ಆವೃತ್ತಿಯನ್ನು ಹುಡುಕಿ, ಮಗ ಕೊಡಿಸಿದ ಸ್ಪೀಕರಿಗೆ ಜೋಡಿಸಿದೆ. ಹಾಡು ಏರತೊಡಗಿತು. ಕ್ಯಾಸೆಟ್ಟು ನಿಲ್ಲುತ್ತಿದ್ದ ಜಾಗ ಬಂತು, ಕಾಲು ತಾನಾಗಿ ನಿಂತಿತು, ಹಾಡು ನಿಲ್ಲಲಿಲ್ಲ. ಮುಂದಿನದು ನಾನು ಕೇಳದ ಭಾಗ. ಉಸಿರು ಬಿಗಿಹಿಡಿದೆ. ಹೆಂಡತಿಯೂ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಮುಂದೇನು ಬರುತ್ತೆ?”

“ತಡಿ, ನೋಡೋಣ.”

ಏನೂ ಬರಲಿಲ್ಲ. ಅದೇ ಸಿಂಥಸೈಸರಿನ ಗುಡುಗುಡು, ಅದೇ ದನಿ, ಸುತ್ತಿ ಸುತ್ತಿ ಅದೇ ಮಾತು.

“ಇಷ್ಟಕ್ಕಾ ನಲವತ್ತು ವರ್ಷ ಆ ಅಂಗಡಿಯವನನ್ನ ಬೈದಿದ್ದು?” ಎಂದಳು.

ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳಿಗೆ ಕುಕ್ಕರಿನ ನೆನಪಾಯಿತು. ಎಷ್ಟು ಕೂಗು ಹಾಕಿತೆಂದು ಇಬ್ಬರಿಗೂ ಗೊತ್ತಿಲ್ಲ. ಒಲೆ ಆರಿಸಿ, ಪ್ರೆಷರ್ ಇಳಿದು, ಮುಚ್ಚಳ ತೆಗೆದು ನೋಡಿದರೆ ಬೇಳೆ ಪಾಯಸದ ಹದಕ್ಕೆ ಬಂದಿತ್ತು. ಬೆಲ್ಲ ಎಲ್ಲಿದೆ ನೋಡಿ ಎಂದಳು.